ಒಳಗೆ ಬಿಟ್ಟ ಒಂದಿಂಚು

ನಮ್ಮ ಟೈಲರ್‌ಗೆ ಬೀದಿಯವರು ಇಟ್ಟ ಹೆಸರು ಒಂದಿಂಚು. ಮಕ್ಕಳ ಬಟ್ಟೆ ಯಾರೇ ಹೊಲಿಯಲು ಕೊಡಲಿ, ಮಡಿಕೆಯ ಒಳಗೆ ಒಂದಿಂಚು ಬಿಟ್ಟೇ ಹೊಲಿಯುತ್ತಿದ್ದ. ಮಗು ಬೆಳೆದಾಗ ಬಿಚ್ಚಿ ಇಳಿಸಿಕೊಟ್ಟರಾಯಿತು, ಹೊಸದು ಬೇಕಿಲ್ಲ. ಹೀಗೆ ಮಾಡಿದರೆ ವ್ಯಾಪಾರ ಹೇಗಯ್ಯಾ ನಡೆಯುತ್ತೆ ಅಂತ ಎಷ್ಟು ಸಲ ಬೈದಿದ್ದೇನೋ. ಹದಿನಾಲ್ಕು ವರ್ಷದಿಂದ ಅವನ ಅಂಗಡಿಯ ಬಾಗಿಲ ಬಳಿ ಕೂತು ಕಾಜಾ ಮಾಡಿ ಗುಂಡಿ ಹಚ್ಚುವವಳು ನಾನು. ಬೈಯುವ ಹಕ್ಕು ನನಗಿದೆ.

ಆದರೆ ನಾನು ಹೇಳಹೊರಟಿದ್ದು ಅವನ ಹೆಂಡತಿಯ ಕಥೆ. ಅವಳು ಬಸ್ ಕಂಡಕ್ಟರ್. ಗಂಡ ಎಷ್ಟು ಮೆತ್ತಗೋ ಇವಳು ಅಷ್ಟು ಗಟ್ಟಿ. ಟಿಕೆಟ್ ಇಲ್ಲದೆ ದೇವರು ಹತ್ತಿದರೂ ಇಳಿಸಿಬಿಡುತ್ತಾಳೆ ಎಂದು ಅವಳ ಡ್ರೈವರ್ ನಗುತ್ತಿದ್ದ. ಹಾಗೆಂದು ದೇವರ ಮೇಲೆ ಅವಳಿಗೆ ಹಗೆಯೇನೂ ಇರಲಿಲ್ಲ. ಬೆಳಿಗ್ಗೆ ಗಂಡನ ಪಕ್ಕ ಎರಡು ನಿಮಿಷ ಕಣ್ಣು ಮುಚ್ಚಿ ಕೂತೇ ಡ್ಯೂಟಿಗೆ ಹೊರಡುತ್ತಿದ್ದಳು. ಒಬ್ಬಳೇ ಮಗಳು, ಆರು ವರ್ಷ. ಕಾಳಿನಷ್ಟಿದ್ದರೂ ಬಾಯಿ ಖಾರ, ಹಾಗಾಗಿ ಮೆಣಸು ಅಂತಲೇ ಕರೆಯುತ್ತಿದ್ದೆವು.

ಒಮ್ಮೆ ಮೆಣಸಿನ ಫ್ರಾಕು ಸೊಂಟದಲ್ಲಿ ಬಿಗಿಯಾಯಿತು. ನಮ್ಮ ಟೈಲರ್ ಟೇಪು ಹಿಡಿದು ಅಳೆದು ಹಿರಿಹಿರಿ ಹಿಗ್ಗಿದ. "ಅಕ್ಕಾ, ನೋಡಿ, ನನ್ನ ಮಗಳು ಮೈ ತುಂಬ್ಕೊಳ್ತಿದ್ದಾಳೆ" ಎಂದು ಒಳಗಿನ ಬಟ್ಟೆ ಬಿಚ್ಚಿ ಸಡಿಲ ಮಾಡಿದ. ಹತ್ತು ದಿನಕ್ಕೆ ಮತ್ತೆ ಬಿಗಿ. ಮತ್ತೆ ಬಿಚ್ಚಿದ. ಮೂರನೇ ಸಲಕ್ಕೆ ಹೆಂಡತಿ ಮಗುವಿನ ಊದಿದ ರೆಪ್ಪೆ ನೋಡಿ ನೇರ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಮೈಯಲ್ಲಿ ತುಂಬಿದ್ದು ನೀರು. ಕಿಡ್ನಿಯಿಂದ ಪ್ರೋಟೀನ್ ಸೋರಿ ಹೋಗುತ್ತಿತ್ತು. ಕಾಯಿಲೆಯನ್ನು ಬೆಳವಣಿಗೆಯೆಂದು ಸಂಭ್ರಮಿಸಿ ಹೊಲಿಗೆ ಬಿಚ್ಚುವ ತಪ್ಪು ಟೈಲರ್ ಅಲ್ಲದೆ ಬೇರೆ ಯಾರು ಮಾಡಿಯಾರು?

"ಇದು ಹೋಗುತ್ತೆ, ಮತ್ತೆ ಬರುತ್ತೆ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ಬಹಳಷ್ಟು ಮಕ್ಕಳು ದೊಡ್ಡವರಾಗ್ತಾ ಇದರಿಂದ ಹೊರಗೆ ಬರ್ತಾರೆ" ಎಂದರು ಡಾಕ್ಟರ್. ದಿನಾ ಬೆಳಿಗ್ಗೆ ಮಗುವಿನ ಮೂತ್ರಕ್ಕೆ ಒಂದು ಪಟ್ಟಿ ಅದ್ದಿ ನೋಡಬೇಕು. ಹಳದಿಯಾಗೇ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಸೋರಿಕೆ.

ಅಲ್ಲಿಂದ ಎತ್ತು ಏರಿಗೆ, ಕೋಣ ನೀರಿಗೆ. ಗಂಡ ದೇವರನ್ನು ಹಿಡಿದು ಕೂತ. ಮಗಳ ಮೈ ನೋಡಿ ಬೀಗಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಅವನ ತಲೆಗೆ ಹೊಕ್ಕಿತ್ತು. ನಲವತ್ತು ದಿನ ಒಪ್ಪೊತ್ತಿನ ಊಟ, ಬೆಳಿಗ್ಗೆ ಸಂಜೆ ಪ್ರಾರ್ಥನೆ. ಹೆಂಡತಿ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟಳು. ಆ ಹೊತ್ತಿಗೆ ಅವಳಿಗೆ ಬಚ್ಚಲಲ್ಲಿ ಪಟ್ಟಿ ಹಿಡಿದು ನಿಲ್ಲುವ ಕೆಲಸವಿತ್ತು.

ನಲವತ್ತನೇ ದಿನ ಪಟ್ಟಿ ಹಳದಿಯಾಗಿಯೇ ಇತ್ತು.

"ಇನ್ನು ಮಾತ್ರೆ ಸಾಕು" ಎಂದ ಗಂಡ. "ಕೇಳಿದ್ದನ್ನ ದೇವರು ಕೊಟ್ಟ ಮೇಲೂ ನುಂಗಿಸಿದ್ರೆ ನಾವು ನಂಬಲಿಲ್ಲ ಅಂತಾಗುತ್ತೆ."

"ಡಾಕ್ಟರ್ ಹೇಳೋವರೆಗೂ ನಿಲ್ಲಿಸಲ್ಲ."

"ನಿನ್ನ ಅನುಮಾನದಿಂದಲೇ ಮತ್ತೆ ಬಂದ್ರೆ?"

ಈ ಮಾತು ಅವನು ಆಡಬಾರದಿತ್ತು. ಅವಳು ಮಾತ್ರೆಯ ಡಬ್ಬಿಯನ್ನು ಟಿಕೆಟ್ ಚೀಲಕ್ಕೆ ಹಾಕಿಕೊಂಡಳು. ಅಂದಿನಿಂದ ಬೆಳಿಗ್ಗೆ ತನ್ನ ಕೈಯಾರೆ ನುಂಗಿಸಿ, ಡಬ್ಬಿ ಸಮೇತ ಡ್ಯೂಟಿಗೆ ಹೋಗುತ್ತಿದ್ದಳು. ಆ ಡಬ್ಬಿ ದಿನಕ್ಕೆ ಎಂಟು ಟ್ರಿಪ್ ಬಸ್ಸಿನಲ್ಲಿ ಓಡಾಡಿತು.

ಎರಡು ತಿಂಗಳಿಗೆ ಮತ್ತೆ ಹಸಿರು. ಸೋಂಕೂ ಸೇರಿಕೊಂಡು ಮಗು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿತು. ಮಂಚದ ಆ ಕಡೆ ಅವನು, ಈ ಕಡೆ ಅವಳು, ಇಬ್ಬರ ಬಾಯಿಗೂ ಬೀಗ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರು ಉಂಡರು, ಮಲಗಿದರು, ಎದ್ದರು, ಜಗಳ ಮಾತ್ರ ಐದು ತಿಂಗಳು ಕದಲಲಿಲ್ಲ. ಮಾತೆಲ್ಲ ಮಗುವಿನ ಮೂಲಕವೇ. "ನಿಮ್ಮಪ್ಪಂಗೆ ಹೇಳು, ನಿನ್ನ ಅಡುಗೆ ಬೇರೆ ಇಟ್ಟಿದೀನಿ, ಉಪ್ಪು ಹಾಕಬಾರದು ಅಂತ." ಒಂದು ದಿನ ಮೆಣಸು ನನ್ನ ಹತ್ತಿರ ದೂರು ಕೊಟ್ಟಳು. "ಕಾಜಾ ಅಜ್ಜಿ, ನಾನೇನು ಪೋಸ್ಟ್‌ಮ್ಯಾನಾ?" ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರನ್ನು ನೋಡಿದರೂ ಅಯ್ಯೋ ಅನ್ನಿಸುತ್ತಿತ್ತು.

ಕಾಯಿಲೆಯಿಂದ ಶಾಲೆ ಬಿಟ್ಟು ಮನೆಯಲ್ಲೇ ಉಳಿದಿದ್ದ ಮಗುವನ್ನು ಹೊಸ ತರಗತಿ ಶುರುವಾಗುವಾಗ ಶಾಲೆಗೆ ಕಳಿಸಿಯೇ ಸಿದ್ಧ ಎಂದು ಅವಳು ಪಣ ತೊಟ್ಟಳು. ಡಾಕ್ಟರ ಒಪ್ಪಿಗೆ ತಂದಳು. ಮಗು ಏನು ತಿನ್ನಬಾರದು ಎಂದು ಟೀಚರಿಗೆ ಚೀಟಿ ಬರೆದುಕೊಟ್ಟಳು. ಯೂನಿಫಾರ್ಮ್ ಬಟ್ಟೆ ತಂದು ಗಂಡನ ಮಿಷನ್ನಿನ ಮೇಲಿಟ್ಟಳು. ಅವನು ಎರಡು ದಿನದಲ್ಲಿ ಹೊಲಿದುಕೊಟ್ಟ.

ಮರುದಿನ ಮಧ್ಯಾಹ್ನ, ಎರಡು ಟ್ರಿಪ್‌ಗಳ ನಡುವೆ, ಖಾಕಿ ಬಟ್ಟೆಯಲ್ಲೇ ಅಂಗಡಿಗೆ ಬಂದಳು. ಸ್ಕರ್ಟಿನ ಒಳಮಗ್ಗುಲು ತಿರುಗಿಸಿ ಅವನ ಮುಂದೆ ಹಿಡಿದಳು. ಐದು ತಿಂಗಳ ಮೇಲೆ ಅವನಿಗೆ ಅವಳು ಆಡಿದ ಮೊದಲ ನೇರ ಮಾತು ಅದು.

"ಊರ ಮಕ್ಕಳಿಗೆಲ್ಲ ಒಂದಿಂಚು ಬಿಡ್ತೀರಿ. ಇವಳಿಗೆ ಯಾಕ್ರೀ ಬಿಟ್ಟಿಲ್ಲ?"

ನಾನೂ ಎದ್ದು ನೋಡಿದೆ. ಅಂಚನ್ನು ಉಗುರಿನಗಲ ಮಡಚಿ ಹೊಲಿದಿದ್ದ.

"ಬಟ್ಟೆ ಸಾಲಲಿಲ್ಲ" ಎಂದ.

ಸುಳ್ಳು. ಮಿಕ್ಕ ತುಂಡು ನನ್ನ ಕಾಲ ಬಳಿಯ ಬುಟ್ಟಿಯಲ್ಲೇ ಇತ್ತು, ಮೊಳದಷ್ಟು. ಅವಳ ಕಣ್ಣಿಗೂ ಬಿತ್ತು. ಅವನು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ.

"ಗುರುತು ಹಾಕುವಾಗ ಕೈ ಅಲ್ಲಿಗೇ ನಿಂತುಹೋಯ್ತು ಕಣೇ. ಮುಂದಿನ ವರ್ಷ ಇದನ್ನ ಬಿಚ್ಚೋ ದಿನ ಬರುತ್ತೋ ಇಲ್ವೋ ಅನ್ನಿಸ್ತು."

ಗೆಲ್ಲಲು ಅವಳಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಂಬಿಕೆಯಿಲ್ಲದವಳು ಎಂದು ಇಷ್ಟು ದಿನ ಅನ್ನಿಸಿಕೊಂಡವಳು ಅವಳು. ನಾನಾಗಿದ್ದರೆ ಏಳು ಜನ್ಮಕ್ಕಾಗುವಷ್ಟು ಆಡಿ ತೀರಿಸಿಕೊಳ್ಳುತ್ತಿದ್ದೆ. ಅವಳು ಸ್ಟೂಲು ಎಳೆದುಕೊಂಡು ಅವನೆದುರು ಕೂತಳು.

"ಪ್ರಾರ್ಥನೆ ಬೇಡ ಅನ್ನಲ್ಲ. ಮೊದ್ಲು ಒಳಗೆ ಬಟ್ಟೆ ಬಿಡಿ, ಆಮೇಲೆ ಬೇಡ್ಕೊಳ್ಳಿ."

ಅವನ ಕಣ್ಣಲ್ಲಿ ನೀರು ತುಂಬಿತು. "ನಿಂಗೆ ನಂಬಿಕೆ ಇಲ್ಲ ಅಂದೆ. ತಪ್ಪಾಯ್ತು."

"ಇದೆಯೋ ಇಲ್ವೋ ನಂಗೂ ಗೊತ್ತಿಲ್ಲ. ಅವಳು ಬೆಳೀಬೇಕು. ಅಷ್ಟೇ ಗೊತ್ತು."

ಗಿಡ್ಡಕ್ಕೆ ಕತ್ತರಿಸಿದ ಬಟ್ಟೆಗೆ ಒಳಗಿನ ಇಂಚು ಮತ್ತೆ ಹುಟ್ಟುವುದಿಲ್ಲ. ಅವನು ಆಗಲೇ ಎದ್ದು ಹೋಗಿ ಹೊಸ ಬಟ್ಟೆ ತಂದ. ಟೇಪಿನ ಒಂದು ತುದಿ ಅವಳೇ ಹಿಡಿದಳು.

"ಎಷ್ಟು ಬಿಡ್ಲಿ?"

"ಎರಡಿಂಚು."

ಈ ಸ್ಕರ್ಟು ಭಾರ ಎಂದು ಗೊಣಗುತ್ತಲೇ ಮೆಣಸು ಶಾಲೆಗೆ ಹೋದಳು. ಆ ವರ್ಷವೇನೂ ಸಲೀಸಾಗಿ ಕಳೆಯಲಿಲ್ಲ. ಪಟ್ಟಿ ಇನ್ನೊಮ್ಮೆ ಹಸಿರಾಯಿತು. ಈ ಸಲ ಇಬ್ಬರೂ ಒಟ್ಟಿಗೆ ಓಡಿದರು, ಯಾರಿಂದ ಬಂತು ಎಂದು ಯಾರೂ ಕೆದಕಲಿಲ್ಲ. ಮಾತ್ರೆಯ ಡಬ್ಬಿ ಟಿಕೆಟ್ ಚೀಲದಿಂದ ಅಡುಗೆಮನೆಯ ಕಪಾಟಿಗೆ ವಾಪಸು ಬಂತು. ಅವನು ಪ್ರಾರ್ಥನೆ ಬಿಡಲಿಲ್ಲ, ಅವಳು ಪಕ್ಕದಲ್ಲಿ ಕೂರಲೂ ಇಲ್ಲ.

ಮೊನ್ನೆ ಮೆಣಸು ಅಂಗಡಿಗೆ ಬಂದು, "ಅಪ್ಪಾ, ಸ್ಕರ್ಟು ಗಿಡ್ಡ ಆಗಿದೆ" ಎಂದಳು. ಹಿಂದೆಯೇ ಅವಳಮ್ಮ. ಅವನು ಟೇಪು ಎತ್ತಿಕೊಂಡು, ಅಳೆಯದೆ ಹೆಂಡತಿಯ ಮುಖ ನೋಡಿದ.

"ಬೆಳಿಗ್ಗೆ ಪಟ್ಟಿ ಏನಾಗಿತ್ತು?"

"ಹಳದಿ."

ಆದರೂ ಮೊದಲು ಸೊಂಟ ಅಳೆದ. ಕಾಲಿಂಚೂ ಏರಿರಲಿಲ್ಲ. ಆಮೇಲೆ ಉದ್ದಕ್ಕೆ ಹಿಡಿದ. ಮತ್ತೊಮ್ಮೆ ಹಿಡಿದ.

"ಉದ್ದ ಒಂದಿಂಚು ಜಾಸ್ತಿ ಆಗಿದೆ" ಎಂದ. ನನ್ನ ಕಡೆ ತಿರುಗಿದ. "ಅಕ್ಕಾ, ನೀರು ಅಡ್ಡ ಬೆಳೆಸುತ್ತೆ. ಉದ್ದ ಬೆಳೆಸಲ್ಲ."

ಅವನು ಅಂಚಿನ ಹೊಲಿಗೆ ಬಿಚ್ಚಲು ಬ್ಲೇಡು ಹಿಡಿದಾಗ, ದೇವರ ಮುಂದೆ ಕಣ್ಣು ಮುಚ್ಚುವುದನ್ನೇ ಬಿಟ್ಟಿದ್ದ ಆ ಹೆಂಗಸು ಅವನ ಕೈ ಹಿಡಿದಳು.

"ಪೂರ್ತಿ ಬಿಡಿಸಬೇಡಿ. ಒಂದಿಂಚು ಒಳಗೇ ಇರ್ಲಿ, ಮುಂದಿನ ವರ್ಷಕ್ಕೆ."