ಹೈರಿಡ್ಜಿನ ಮಿರಾ ಅಂಗಡಿ

ಹೈರಿಡ್ಜಿನಲ್ಲಿ ಮಟಾಟು ಎನ್ನುವ ಇಲ್ಲಿನ ಬಾಡಿಗೆ ವ್ಯಾನುಗಳು ನಿಲ್ಲುವ ಜಾಗದ ಪಕ್ಕ, ಒಬ್ಬ ಹೆಂಗಸು ಬಾಳೆಯೆಲೆಯಲ್ಲಿ ಸುತ್ತಿದ ಕೆಂಪು ಕಡ್ಡಿಗಳ ಕಟ್ಟುಗಳನ್ನು ಮಾರುತ್ತಿದ್ದಳು. ಯಾವುದೋ ಸೊಪ್ಪಿರಬೇಕೆಂದು ಬಗ್ಗಿ ನೋಡಿದೆ.

"ಮಿರಾ ಸಾರ್ ಅದು. ಅಗಿದ್ರೆ ಅಮಲು, ನಿದ್ದೆನೇ ಬರಲ್ಲ," ಎಂದ ಪ್ರಸಾದ. ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ಅವನ ಮನೆಯಲ್ಲೇ ನಾನು ಇಳಿದುಕೊಂಡಿದ್ದೇನೆ. "ಈ ದೇಶದಲ್ಲಿ ಲೀಗಲ್. ಇದನ್ನೇ ಬ್ಯಾಗಲ್ಲಿ ಹಾಕ್ಕೊಂಡು ಬೆಂಗಳೂರಲ್ಲಿ ಇಳೀರಿ, ಏರ್‌ಪೋರ್ಟಲ್ಲೇ ಹಿಡೀತಾರೆ!"

ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಅಕ್ಕನ ಮಗ ನಿಖಿಲ ಹಾಸ್ಟೆಲಿನಲ್ಲಿ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದು ಜೈಲಿನಲ್ಲಿದ್ದಾನೆ. ಅವನ ಜಾಮೀನಿನ ಸುದ್ದಿಗಾಗಿ ಬೆಳಗಿನಿಂದ ನಾನು ಫೋನನ್ನು ಕೈಯಿಂದ ಬಿಟ್ಟಿರಲಿಲ್ಲ. ಇಲ್ಲಿ ನೋಡಿದರೆ ಟೈ ಕಟ್ಟಿದವನೊಬ್ಬ ಎಳೆಯ ಕಟ್ಟು ಬೇಕೆಂದು ಆರಾಮವಾಗಿ ಚೌಕಾಸಿ ಮಾಡುತ್ತಿದ್ದ. ಪೊಲೀಸಿನವನು ಪಕ್ಕದಲ್ಲೇ ನಡೆದುಹೋದ, ತಿರುಗಿಯೂ ನೋಡಲಿಲ್ಲ.

"ಅವಳ ಮಕ್ಕಳು ಇದನ್ನ ಅಗೀತಾರಾ, ಕೇಳು," ಎಂದೆ.

ಪ್ರಸಾದ ಸ್ವಾಹಿಲಿಯಲ್ಲಿ ಕೇಳಿದ. ಅವಳು ಹುಬ್ಬು ಗಂಟಿಕ್ಕಿ ಜೋರಾಗಿಯೇ ಉತ್ತರಿಸಿದಳು.

"ಮಗ ಅಗಿದ್ರೆ ಕೆನ್ನೆಗೆ ಬಾರಿಸ್ತಾಳಂತೆ ಸಾರ್. ಆದ್ರೆ ಅದು ಮನೆ ವಿಷಯ, ಪೊಲೀಸ್ ಯಾಕೆ ಬರ್ಬೇಕು ಅಂತಾಳೆ."

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಬೇಲ್ ಸಿಗಲಿಲ್ಲ ಕಣೋ," ಎಂದು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ, "ಏನೋ ಅದು ಗಲಾಟೆ? ಎಲ್ಲಿದೀಯ?" ಎಂದಳು.

ಆ ಹೆಂಗಸು ಕಡ್ಡಿಯೊಂದನ್ನು ಸಿಗಿದು, ರುಚಿ ನೋಡೆಂದು ನನ್ನತ್ತ ಚಾಚಿದ್ದಳು.

"ಬಸ್ ಸ್ಟಾಪಲ್ಲಿ ಅಕ್ಕಾ," ಎಂದು ಹೇಳಿ, ಪ್ರಸಾದನನ್ನೂ ಕರೆಯದೆ ರಸ್ತೆ ದಾಟಿಬಿಟ್ಟೆ.