ಎಂಬತ್ತೊಂದು ಕೆಜಿಯ ಮೇಲಿನವರು

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾವ ತೊಟ್ಟಿದ್ದ ಚಡ್ಡಿ ಕೆಂಪೋ ನೀಲಿಯೋ, ಅವರು ತಿಂದ ಬಾಳೆಹಣ್ಣು ಹನ್ನೊಂದೋ ಹದಿನಾಲ್ಕೋ, ನನಗೆ ಆಗ ಎಂಟು ವರ್ಷವೋ ಒಂಬತ್ತೋ, ಒಂದನ್ನೂ ಆಣೆ ಮಾಡಿ ಹೇಳಲಾರೆ. ಆದರೆ ಪ್ರತಿ ಹಣ್ಣಿಗೂ ನಾವು ಚಪ್ಪಾಳೆ ತಟ್ಟಿದ್ದು ನಿಜ. ಅದು ನನ್ನ ಅಂಗೈಗೇ ನೆನಪಿದೆ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಾರ್ಖಾನೆಗೆ ಬಾಕ್ಸಿಂಗ್ ತಂಡವಿತ್ತು. ತಂಡದಲ್ಲಿ ಹೆವಿವೇಟ್ ಇರಲಿಲ್ಲ. ಆ ವಿಭಾಗಕ್ಕೆ ಎಂಬತ್ತೊಂದು ಕೆಜಿ ದಾಟಬೇಕು. ಮಾವ ಎಪ್ಪತ್ತೆಂಟು. ಆ ಸಲದ ಟೂರ್ನಮೆಂಟಿನಲ್ಲಿ ಹೆವಿವೇಟಿಗೆ ಹೆಸರು ಕೊಟ್ಟಿದ್ದವನು ಒಬ್ಬನೇ. ಎದುರಿಗೆ ಯಾರಾದರೂ ನಿಂತರೆ ಸಾಕು, ಸೋತರೂ ಬೆಳ್ಳಿ, ತಂಡಕ್ಕೆ ಪಾಯಿಂಟು.

ಟೀಮ್ ಮ್ಯಾನೇಜರ್ ಒಂದು ಚಿಪ್ಪು ಬಾಳೆಹಣ್ಣು, ಸ್ಟೀಲ್ ಜಗ್ಗಿನ ತುಂಬ ನೀರು ತಂದಿಟ್ಟ. ಮಾವ ತಿಂದರು, ಕುಡಿದರು, ತೂಕದ ಯಂತ್ರ ಹತ್ತಿದರು. ಇಳಿದರು. ಮತ್ತೆ ತಿಂದರು, ಮತ್ತೆ ಕುಡಿದರು. ಕೊನೆಗೂ ಮುಳ್ಳು ಎಂಬತ್ತೊಂದು ದಾಟಿತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. (ಆಮೇಲಿನ ರೌಂಡುಗಳು ನನಗೆ ನೆನಪಿಲ್ಲ. ನೆನಪಿಲ್ಲವೋ, ಮುಖ ಮುಚ್ಚಿಕೊಂಡಿದ್ದೆನೋ?)

ಆ ದಿನದ ಫೋಟೋ ವಿದ್ಯಾರಣ್ಯಪುರದ ಅವರ ಮನೆಯ ಹಾಲಿನಲ್ಲಿದೆ. ಮಾವನ ಕೈಯಲ್ಲಿ ತಂಡ ಗೆದ್ದ ಕಪ್, ಎಡಗಣ್ಣು ಮುಚ್ಚಿದೆ. ಕ್ಯಾಮೆರಾ ಮುಂದೆ ತಮಾಷೆ ಮಾಡುತ್ತಿದ್ದಾರೆ ಎಂದು ಎಷ್ಟೋ ವರ್ಷ ನಂಬಿದ್ದೆ. ಅದು ಊದಿಕೊಂಡು ಮುಚ್ಚಿದ ಕಣ್ಣು ಎಂದು ಹೊಳೆಯುವಷ್ಟರಲ್ಲಿ ನನ್ನ ಎಂ.ಎ. ಮುಗಿದಿತ್ತು. ಓದಿಗೂ ನೋಡುವುದಕ್ಕೂ ಸಂಬಂಧವಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ.

ಕಳೆದ ಭಾನುವಾರ ಬೆಳಿಗ್ಗೆ ಅದೇ ಫೋಟೋದ ಕೆಳಗೆ ದೊಡ್ಡ ಚರ್ಚೆ ನಡೆದಿತ್ತು. ಒಂದು ಕಡೆ ಮಾವನ ಮಗ ಶ್ರೀಧರ. ಇನ್ನೊಂದು ಕಡೆ ಅವನ ಗೆಳೆಯ, ಹುಣಸಮಾರನಹಳ್ಳಿಯ ಬಿಲ್ಡರ್ ಮುನಿರಾಜಣ್ಣ. ಎದುರಿಗೆ ಟಿ.ವಿ.ಯಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಒಂದು ವಿಡಿಯೋ. ಐವತ್ತು ವರ್ಷ ಹಿಂದಿನ ವಿಶ್ವ ಹೆವಿವೇಟ್ ಚಾಂಪಿಯನ್‌ಗೂ ಇವತ್ತಿನ ಚಾಂಪಿಯನ್‌ಗೂ ಒಂದೇ ರಿಂಗಿನಲ್ಲಿ ಫೈಟ್!

"ಸಾ, ಇವ್ನು ನೂರಿಪ್ಪತ್ ಕೆಜಿ. ನಿಮ್ ಹಳೇ ಕಾಲ್ದೋನು ತೊಂಬತ್ತೈದು. ಒಂದ್ ಗುದ್ದಿಗೆ ಮಲಕ್ಕಂತಾನೆ ನೋಡಿ," ಅಂದರು ಮುನಿರಾಜಣ್ಣ.

"ಆಗಿನೋರು ಹದಿನೈದು ರೌಂಡ್ ಆಡೋರು ಕಣ್ರೀ. ಈಗಿನೋರು ಹನ್ನೆರಡಕ್ಕೇ ಏದುಸಿರು ಬಿಡ್ತಾರೆ. ಆರನೇ ರೌಂಡ್ ದಾಟ್ಲಿ, ಆಮೇಲ್ ಮಾತಾಡಿ."

"ಅಂಗಲ್ಲ ಸಾ. ಆಗ ಇಂಥ ಜಿಮ್ ಎಲ್ಲಿತ್ತು, ಇಂಥ ಊಟ ಎಲ್ಲಿತ್ತು? ಅವ್ನೂ ಈಗ ಉಟ್ಟಿದ್ರೆ ಇಂಗೇ ಬೆಳೀತಿದ್ದ."

ಸುಳ್ಳು ಹೇಳುವುದಿಲ್ಲ, ಈ ಜಗಳ ನನಗೂ ಇಷ್ಟ. ಒಬ್ಬನಿಗೆ ಹದಿನೈದು ರೌಂಡು, ಇನ್ನೊಬ್ಬನಿಗೆ ಹನ್ನೆರಡು. ಒಬ್ಬನ ಗ್ಲೌಸ್ ತೆಳು, ಇನ್ನೊಬ್ಬನದು ದಪ್ಪ. ಒಬ್ಬನ ಫೈಟನ್ನು ಕಪ್ಪು-ಬಿಳುಪಿನಲ್ಲಿ ನೋಡಿದ್ದೇವೆ, ಇನ್ನೊಬ್ಬನ ಬೆವರ ಹನಿಯನ್ನೂ ಎಣಿಸಬಹುದು. ಹೋಲಿಸುವುದಾದರೂ ಹೇಗೆ? ಹೋಲಿಸಲು ಆಗುವುದಿಲ್ಲ ಅನ್ನುವುದೇ ಇದರ ಮಜಾ. ನಾನೂ ಸೋಫಾದ ತುದಿಯಲ್ಲಿ ಕೂತು ಹಳೆಯವನ ಪರ ನಾಲ್ಕು ಮಾತಾಡಿದೆ.

ಎಂಟನೇ ರೌಂಡಿನಲ್ಲಿ ಹಳೆಯವನು ಹೊಸಬನನ್ನು ಕೆಡವಿದ. ಶ್ರೀಧರ ಶಿಳ್ಳೆ ಹೊಡೆದ.

"ನೋಡಿದ್ರಾ? ತೂಕ ಅಲ್ಲ ಕಣ್ರೀ, ಸ್ಕಿಲ್ಲು. ಅದಕ್ಕೇ ಹೇಳಿದ್ದು, ನಮ್ ಸಹನಾನ ಮೇಲಿನ ಕ್ಯಾಟಗರಿಗೆ ಹಾಕಿದ್ರೆ ಏನೂ ಆಗಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ.

ಸಹನಾ ಶ್ರೀಧರನ ಮಗಳು. ಎರಡನೇ ಪಿಯುಸಿ, ನಾಲ್ಕು ವರ್ಷದಿಂದ ಬಾಕ್ಸಿಂಗ್. ಅಡುಗೆಮನೆಗೆ ಹೋದೆ. ಕಟ್ಟೆಗೆ ಒರಗಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದಳು. ಪಕ್ಕದಲ್ಲಿ ನಾಲ್ಕು ಸಿಪ್ಪೆ.

"ಏನೇ ಇದು?"

"ಸ್ಟೇಟ್ ಸೆಲೆಕ್ಷನ್ ಅತ್ತೆ. ನಾನು ಎಪ್ಪತ್ತೊಂಬತ್ತು ಇದೀನಿ. ಎಂಬತ್ತೊಂದು ದಾಟ್ಬೇಕಂತೆ. ಮೇಲಿನ ಕ್ಯಾಟಗರಿಯಲ್ಲಿ ಒಬ್ಳೇ ಇರೋದು. ನಾನು ಹೋದ್ರೆ ಇಬ್ರು. ಸೋತ್ರೂ ಸಿಲ್ವರ್, ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು."

"ಆ ಒಬ್ಳು ಎಷ್ಟು ಕೆಜಿ?"

"ತೊಂಬತ್ತಾರು." ಅವಳು ನಗಲು ನೋಡಿದಳು. "ಫ್ರಿಜ್ ಜೊತೆ ಫೈಟ್ ಮಾಡ್ದಂಗೆ."

"ನಿನ್ನ ಕ್ಯಾಟಗರಿಯಲ್ಲಿ?"

"ಏಳು ಜನ. ಅಲ್ಲಿ ನಾಲ್ಕನೇದು ಬರ್ತೀನಿ ಅಂತ ಅಪ್ಪನ ಲೆಕ್ಕ." ಐದನೇ ಸಿಪ್ಪೆಯನ್ನು ಡಬ್ಬಕ್ಕೆ ಎಸೆದಳು. "ನಾನು ಅಲ್ಲೇ ಗೆಲ್ತೀನಿ ಅತ್ತೆ. ನನ್ನನ್ನ ಯಾರ್ ಕೇಳಿದ್ರು?"

ಹಾಲಿಗೆ ವಾಪಸ್ ಬಂದಾಗ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಶ್ರೀಧರ, ಆ ವಿಡಿಯೋದಲ್ಲಿ ಬಿದ್ದವನಿಗೆ ನಾಳೆ ತಲೆನೋವು ಬರುತ್ತಾ?"

"ಏನ್ ಕಣೆ ಇದು? ಗ್ರಾಫಿಕ್ಸು ಅದು."

"ನಿನ್ನ ಮಗಳೂ ಗ್ರಾಫಿಕ್ಸಾ?"

"ಹೆಡ್‌ಗಿಯರ್ ಇರುತ್ತೆ. ರೆಫ್ರಿ ಇರ್ತಾನೆ. ಅಪ್ಪ ಆಡ್ಲಿಲ್ವಾ? ಏನಾಯ್ತು ಈಗ?"

ಏನಾಯ್ತು! ಆ ಮನೆಯಲ್ಲಿ ಮಾವನಿಗೆ ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡುತ್ತಾರೆ. ತುಂಬ ಕೊಟ್ಟರೆ ಕೈ ನಡುಗಿ ಚೆಲ್ಲುತ್ತದೆ. ಅರ್ಧ ಕುಡಿದ ಮೇಲೆ ಇನ್ನರ್ಧ. ಇದು ಎಷ್ಟು ವರ್ಷದಿಂದ ನಡೆದಿದೆಯೆಂದರೆ ಈಗ ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಹಾಲು ತರಲು ಹೊರಟು, ದಾರಿ ಮರೆತು ಹಿಂದಿನ ಬೀದಿಯಲ್ಲಿ ನಿಂತುಬಿಡುತ್ತಾರೆ. ಅದಕ್ಕೂ ಎಲ್ಲರೂ ಒಗ್ಗಿಕೊಂಡಿದ್ದಾರೆ.

"ನಿಮ್ಮಪ್ಪನ ಕೈ ನೋಡು," ಅಂದೆ.

"ಎಪ್ಪತ್ತು ದಾಟಿದೆ ಕಣೆ. ವಯಸ್ಸು."

"ನಮ್ಮಪ್ಪಂಗೂ ಅಂಗೇ ಇತ್ತಮ್ಮ," ಅಂದರು ಮುನಿರಾಜಣ್ಣ. "ಅವ್ರೇನ್ ಬಾಕ್ಸಿಂಗ್ ಆಡಿದ್ರಾ? ರಾಗಿ ಬೆಳೀತಿದ್ರು."

ಅವರ ಮಾತು ನಿಜವಿರಬಹುದು. ನಾನು ಡಾಕ್ಟರಲ್ಲ. ಒಂದು ದಿನದ ಮೂರು ರೌಂಡಿನಿಂದ ಹೀಗಾಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದು ಒಂದು ದಿನವಲ್ಲ. ನೀರಿನ ಆ ಜಗ್ಗು ಆಮೇಲೆ ಪ್ರತಿ ವರ್ಷವೂ ಬಂತು. ಎಷ್ಟು ವರ್ಷ? ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದರೆ ಮಾತ್ರ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ವಯಸ್ಸು.

ನನ್ನ ಸಿಟ್ಟು ಇದಕ್ಕೆ. ಎರಡು ಕಾಲದ ಚಾಂಪಿಯನ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತೀರಿ, ತೋಳು ಅಳೆಯುತ್ತೀರಿ, ಎಷ್ಟು ಜನರನ್ನು ಕೆಡವಿದ ಎಂದು ಎಣಿಸುತ್ತೀರಿ. ಎಷ್ಟು ಏಟು ತಿಂದ ಎಂದು ಯಾವತ್ತಾದರೂ ಕೇಳಿದ್ದೀರಾ? ನಿವೃತ್ತನಾದ ಮೇಲೆ ತನ್ನ ಷರಟಿನ ಗುಂಡಿಯನ್ನು ತಾನೇ ಹಾಕಿಕೊಂಡನೇ ಎಂದು? ಐವತ್ತು ವರ್ಷ ಹಿಂದಿನ ಚಾಂಪಿಯನ್ ಇಪ್ಪತ್ತೈದು ಕೆಜಿ ಹೆಚ್ಚಿದ್ದವನನ್ನು ಟಿ.ವಿ.ಯಲ್ಲಿ ಗೆದ್ದ. ಸಂತೋಷ. ಆ ಧೈರ್ಯದ ಮೇಲೆ ಪಿಯುಸಿ ಹುಡುಗಿಯನ್ನು ಹದಿನೇಳು ಕೆಜಿ ಹೆಚ್ಚಿದ್ದವಳ ಎದುರು ನಿಲ್ಲಿಸುತ್ತೀರಾ? ಅದೂ ಗೆಲ್ಲುವುದಕ್ಕಲ್ಲ, ಸೋಲುವುದಕ್ಕೆ!

ಅವಳು ತನ್ನ ತೂಕದಲ್ಲಿ ಗೆಲ್ಲುತ್ತೇನೆ ಅನ್ನುತ್ತಿದ್ದಾಳೆ. ಅದನ್ನು ನಂಬುವುದು ಇವರಿಗೆ ಯಾಕಿಷ್ಟು ಕಷ್ಟ?

(ಈ ಸಿಟ್ಟಿನಲ್ಲಿ ಎಷ್ಟು ಪಾಲು ಶ್ರೀಧರನ ಮೇಲೆ, ಎಷ್ಟು ಪಾಲು ಬಾಳೆಹಣ್ಣಿಗೆ ಚಪ್ಪಾಳೆ ತಟ್ಟಿದ ಆ ಹುಡುಗಿಯ ಮೇಲೆ? ಗೊತ್ತಿಲ್ಲ.)

ಟೀಪಾಯಿಯ ಮೇಲೆ ಸೆಲೆಕ್ಷನ್ ಫಾರ್ಮ್ ಇತ್ತು. ಕೋಚ್ ಸಹಿ ಆಗಿತ್ತು, ಹೆಸರು, ವಯಸ್ಸು ತುಂಬಿತ್ತು. ತೂಕದ ವಿಭಾಗದ ಮುಂದೆ ಮಾತ್ರ ಖಾಲಿ. ಅದನ್ನೂ ಪೆನ್ನನ್ನೂ ಎತ್ತಿಕೊಂಡು ವರಾಂಡಾಕ್ಕೆ ಹೋದೆ. ಮಾವ ಎರಡನೇ ಅರ್ಧ ಲೋಟ ಹಿಡಿದು ಕೂತಿದ್ದರು. ಸಹನಾ ಬಾಗಿಲಲ್ಲಿ ಬಂದು ನಿಂತಳು. ಫಾರ್ಮನ್ನು ಮಾವನ ಮೊಣಕಾಲ ಮೇಲಿಟ್ಟು, ಖಾಲಿ ಜಾಗಕ್ಕೆ ಬೆರಳು ತೋರಿಸಿ ಕೇಳಿದೆ.

ಅವರು ಫಾರ್ಮ್ ನೋಡಿದರು. ಮೊಮ್ಮಗಳನ್ನು ನೋಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು.

ಫಾರ್ಮ್ ಕೊಡಲು ಗುರುವಾರ ಕೊನೆಯ ದಿನ. ಇವತ್ತು ಮಂಗಳವಾರ. ಅದು ನನ್ನ ಬ್ಯಾಗಿನಲ್ಲೇ ಇದೆ, ಆ ಜಾಗ ಇನ್ನೂ ಖಾಲಿ. (ಹೌದು, ಎತ್ತಿಕೊಂಡು ಬಂದೆ.) ಶ್ರೀಧರ ಆರು ಸಲ ಫೋನ್ ಮಾಡಿ ಬೈದಿದ್ದಾನೆ. ಮಾವ ಒಂದು ಸಲವೂ ಮಾಡಿಲ್ಲ. ನಾನು ಅವರನ್ನು ಕೇಳಿದ್ದು ಇಷ್ಟೇ:

"ಮಾವ, ನೀವೇ ಹೇಳಿ, ಇಲ್ಲಿ ಎಷ್ಟು ಅಂತ ಬರೀಲಿ?"