ಎರಡು ಕಪಾಟು, ಒಂದು ದಾರ

ಹತ್ತೊಂಬತ್ತು ವರ್ಷಗಳ ಹಿಂದೆ, ಚಳಿಗಾಲದ ಒಂದು ಬೆಳಗ್ಗೆ, ಎಂಟು ಗಂಟೆಗೆ ಇನ್ನೂ ಐದು ನಿಮಿಷವಿರುವಾಗಲೇ ಕೆಲಸಕ್ಕೆ ಸೇರಲೆಂದು ಬಂದು ಬೀಗ ಹಾಕಿದ ಬಾಗಿಲ ಮುಂದೆ ಕಾದು ನಿಂತಿದ್ದ ಡಾಕ್ಟರಮ್ಮನವರು, ಇಂದು ಚರ್ಮವೈದ್ಯದಲ್ಲಿ ನಾಲ್ಕು ಜನ ಎದ್ದು ನಿಂತು ಮಾತು ಕೇಳುವಂಥ ಹಿರಿಯರು. ಮೈಮೇಲಿನ ಬೇನೆಯನ್ನು ಎದೆಯೊಳಗಿನ ಉಸಿರಿನ ಜೊತೆಗಿಟ್ಟು ನೋಡಬೇಕೆಂದು ಈ ಆಸ್ಪತ್ರೆಗೆ ಕಲಿಸಿದವರು ಅವರೇ. ಅಂದು ಬೀಗ ತೆಗೆದವನು ಎಲ್ಲರ ಬಾಯಲ್ಲಿ ಕಾರ್ಡಣ್ಣ ಎನಿಸಿಕೊಂಡ, ರೋಗಿಗಳ ಕಾರ್ಡ್ ಕೋಣೆಯ ನೌಕರ. ಆ ಪಾಠ ಶುರುವಾದ ಬಗೆ ಅವನಿಗೆ ಚೆನ್ನಾಗಿ ನೆನಪಿದೆ. ಅರ್ಥವಾಯಿತೇ ಎಂದರೆ ಮಾತ್ರ ಇಂದಿಗೂ ತಲೆ ಕೆರೆದುಕೊಳ್ಳುತ್ತಾನೆ.

ಕೋಣೆಯಲ್ಲಿ ಎರಡು ಕಪಾಟು, ನಡುವೆ ಕಾರ್ಡಣ್ಣನ ಮೇಜು. ಚರ್ಮರೋಗದ ಹಳದಿ ಕಾರ್ಡು ಕೆಳಮಹಡಿಗೆ, ಎದೆರೋಗದ ನೀಲಿ ಕಾರ್ಡು ಮೇಲ್ಮಹಡಿಗೆ ಹೋಗಬೇಕು. ಬೆರೆತರೆ ಬೈಗುಳ ತಪ್ಪದು. ಕಾರ್ಡಣ್ಣನಿಗೆ ಅಕ್ಷರ ನಿಧಾನ, ಅಂಕಿ ಚುರುಕು. ಡಾಕ್ಟರಮ್ಮನವರು ಸೇರಿದ ವರ್ಷವೇ ಒಂದು ದಿನ, ಒಬ್ಬನೇ ರೋಗಿಯ, ಒಂದೇ ಅಂಕಿಯಿದ್ದ ಹಳದಿ, ನೀಲಿ ಎರಡನ್ನೂ ಬಣ್ಣ ನೋಡದೆ ಒಂದೇ ದಾರದಲ್ಲಿ ಕಟ್ಟಿ ಕೆಳಮಹಡಿಗೆ ಕಳಿಸಿಬಿಟ್ಟ.

ಡಾಕ್ಟರಮ್ಮನವರಿಂದ ಕರೆ ಬಂತು. ಕೆಲಸ ಹೋಯಿತೆಂದುಕೊಂಡೇ ಹೋದ.

"ಇದನ್ನ ಕಟ್ಟಿದ್ದು ಯಾರಣ್ಣಾ?"

"ನಾನೇ ಡಾಕ್ಟರಮ್ಮ. ಕಣ್ತಪ್ಪಿ ಆಗೋಯ್ತು."

ಎದುರಿಗೆ ಕೂತಿದ್ದವನು ಒಬ್ಬ ದರ್ಜಿ. ಮೊಣಕೈ, ಮೊಣಕಾಲು, ನೆತ್ತಿಯ ತುಂಬ ಬಿಳಿ ಹೊಟ್ಟು ಏಳುವ ಕೆಂಪು ತೇಪೆಗಳು. ಉಸಿರು ಹಿಡಿಯುತ್ತದೆಂದು ಕೆಳಗೆ ಹೇಳಿದರೆ ಮೇಲಕ್ಕೆ ಹೋಗೆನ್ನುತ್ತಿದ್ದರು. ಮೇಲೆ ಹೇಳಿದರೆ ಬೀಡಿ ಬಿಡು, ಬಟ್ಟೆ ದೂಳು ಎಂದು ಸಾಗಹಾಕುತ್ತಿದ್ದರು. ಹೀಗೇ ಮೂರು ವರ್ಷ. "ಬೀಡಿ ಬಿಟ್ಟು ಎರಡು ವರ್ಷ ಆಯ್ತಮ್ಮ. ಇನ್ನು ಬಿಡೋಕೆ ಉಳಿದಿರೋದು ಮೆಷಿನ್ನು, ಹೆಂಡ್ತಿ ಎರಡೇ. ಮೆಷಿನ್ನು ತುಳಿಯೋಕೆ ಈಗಲೇ ಆಗ್ತಿಲ್ಲ," ಎಂದ ದರ್ಜಿ.

ಡಾಕ್ಟರಮ್ಮನವರು ಎರಡೂ ಕಾರ್ಡುಗಳ ತಾರೀಕಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಹಳದಿಯಲ್ಲಿ ತೇಪೆ ಹೆಚ್ಚಾದ ತಿಂಗಳೇ ನೀಲಿಯಲ್ಲಿ ದಮ್ಮು.

"ಹಂಗಾದ್ರೆ ಕಜ್ಜಿ ಎದೆಗೆ ಇಳೀತಾ?" ಎಂದ ಕಾರ್ಡಣ್ಣ.

"ಇದು ಕಜ್ಜಿ ಅಲ್ಲಣ್ಣ, ಅಂಟೋದೂ ಇಲ್ಲ, ಇಳಿಯೋದೂ ಇಲ್ಲ. ಚರ್ಮದಲ್ಲಿರೋ ಉರಿ ಮೈಯೊಳಗೂ ಇರಬಹುದು. ಇಂಥವರಲ್ಲಿ ದಮ್ಮು ಹೆಚ್ಚಾಗಿ ಕಾಣುತ್ತೆ. ಇದರಿಂದಲೇ ಅದು ಬಂತು ಅಂತ ನಾನು ಹೇಳಲಾರೆ."

ಡಾಕ್ಟರೇ ಹೀಗೆಂದರೆ ಅವನು ಯಾರನ್ನು ಕೇಳಬೇಕು?

ಅವರು ಚೀಟಿ ಬರೆದು ಕಳಿಸಲಿಲ್ಲ; ದರ್ಜಿಯ ಜೊತೆಗೆ ತಾವೇ ಮೆಟ್ಟಿಲು ಹತ್ತಿದರು. ಹನ್ನೊಂದನೆಯ ಮೆಟ್ಟಿಲಲ್ಲಿ ಅವನು ಗೋಡೆ ಹಿಡಿದು ನಿಂತಾಗ, ತಮಗೇ ಸುಸ್ತಾದವರಂತೆ ತಾವೂ ನಿಂತರು. ಕಾರ್ಡುಗಳನ್ನು ಹಿಡಿದು ಹಿಂದೆಯೇ ಹತ್ತುತ್ತಿದ್ದ ಕಾರ್ಡಣ್ಣ ಆ ನಿಲುವನ್ನು ಮರೆತಿಲ್ಲ. ಮೇಲೆ ಎದೆಯ ಡಾಕ್ಟರು ನಕ್ಕರು: "ಏನ್ ಮೇಡಂ, ನಿಮ್ಮ ಗಿರಾಕೀನ ನಮ್ಮ ತಲೆಗೆ ಕಟ್ತೀರಾ?"

"ಮೂರು ವರ್ಷದಿಂದ ನಿಮ್ಮ ಗಿರಾಕಿನೂ ಹೌದು ಸಾರ್. ಒಂದ್ಸಲ ಉಸಿರು ಅಳೆಯೋ ಮೆಷಿನ್ನಲ್ಲಿ ಊದಿಸಿ ನೋಡಿ."

ಊದಿಸಿದ ಮೇಲೆ ನಗು ನಿಂತಿತು. ಅಂದೇ ಸೇದುವ ಔಷಧಿ ಶುರುವಾಯಿತು. ಆಮೇಲೆ ಎರಡೂ ಕಡೆ ಬರುವವರ ಕಾರ್ಡುಗಳನ್ನು ಒಂದೇ ದಾರದಲ್ಲಿ ಕಟ್ಟಬೇಕೆಂದು ಡಾಕ್ಟರಮ್ಮನವರು ನಿಯಮ ಮಾಡಿಸಿದರು. ತಪ್ಪಿಗೆ ಬೈಗುಳದ ಬದಲು ಇಂಥ ಮರ್ಯಾದೆ ಸಿಕ್ಕಿದ್ದೇಕೆಂದು ಕಾರ್ಡಣ್ಣನಿಗೆ ಬಹುಕಾಲ ತಿಳಿಯಲಿಲ್ಲ.

ಡಾಕ್ಟರಮ್ಮನವರ ಬೀಳ್ಕೊಡುಗೆಯ ದಿನ ಅವನು, ಇಷ್ಟು ವರ್ಷ ತಡೆದಿಟ್ಟ ಪ್ರಶ್ನೆ ಕೇಳಿದ: "ಡಾಕ್ಟರಮ್ಮ, ಕಟ್ಟಿದ್ದೇನೋ ಸರಿ. ಕಟ್ಟನ್ನ ಇಡೋದು ಯಾವ ಕಪಾಟಲ್ಲಿ?"

"ನಂಗೂ ಗೊತ್ತಿಲ್ಲಣ್ಣ. ಮಧ್ಯದಲ್ಲಿ ನಿಮ್ಮ ಮೇಜಿದೆಯಲ್ಲ."

ಗೊತ್ತಿಲ್ಲವೆಂದು ಹೇಳಬಲ್ಲ ಆ ಬಾಯಿಗೆ ನೂರು ವರ್ಷ ಆಯುಸ್ಸಿರಲಿ, ಆ ಬೆರಳು ಇನ್ನೂ ಎಷ್ಟೋ ಕಾರ್ಡುಗಳ ಮೇಲೆ ಓಡಾಡಲಿ. ಅಂದು ಡಾಕ್ಟರಮ್ಮನವರಿಗೆ ತಾನು ಹೊಲಿದ ಬಿಳಿ ಕೋಟು ತಂದ ದರ್ಜಿ, ಹನ್ನೊಂದನೆಯ ಮೆಟ್ಟಿಲಲ್ಲಿ ನಿಲ್ಲದೆ ಮೇಲೆ ಹೋಗಿ ಬಂದ. ಕೋಟು ತೋಳಿನ ಮೇಲೆ ಹಾಕಿಕೊಂಡು ಡಾಕ್ಟರಮ್ಮನವರು ಹೊರಟರು.